ಮಂಡಿಯೊಳಗಿನ ಸೂಜಿ: ಹುಂಜದ ಜುಟ್ಟಿನಿಂದ ಉಪ್ಪುನೀರಿನವರೆಗೆ

1948ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 29 ವರ್ಷದ ಮಹಿಳೆಯೊಬ್ಬರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದರು. ವೈದ್ಯ ಫಿಲಿಪ್ ಹೆಂಚ್ ಆಕೆಗೆ ಹೊಸದೊಂದು ಔಷಧದ ಚುಚ್ಚುಮದ್ದು ಕೊಡತೊಡಗಿದರು. ವಾರ ಕಳೆಯುವಷ್ಟರಲ್ಲಿ ಆಕೆ ಎದ್ದು ಪೇಟೆಗೆ ಹೋಗಿಬಂದರು! ಆ ಔಷಧವೇ ಕಾರ್ಟಿಸೋನ್. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ಬಂತು.

ಆದರೆ ಪವಾಡಕ್ಕೆ ಬೆಲೆಯೂ ಇತ್ತು. ಹೆಚ್ಚು ದಿನ ಔಷಧ ಪಡೆದವರ ಮುಖ ಊದಿಕೊಂಡಿತು, ಮೂಳೆಗಳು ದುರ್ಬಲವಾದವು. ಇಡೀ ಮೈಗೆ ಔಷಧ ಉಣಿಸುವ ಬದಲು ನೋಯುವ ಕೀಲಿಗಷ್ಟೇ ಕೊಟ್ಟರೆ ಹೇಗೆ? ಫಿಲಡೆಲ್ಫಿಯಾದ ವೈದ್ಯ ಜೋಸೆಫ್ ಹೊಲಾಂಡರ್ 1951ರಲ್ಲಿ ಈ ದಾರಿ ತೋರಿದರು. ಮಂಡಿಯೊಳಕ್ಕೆ ಸೂಜಿ ಚುಚ್ಚಿ ಹೈಡ್ರೋಕಾರ್ಟಿಸೋನ್ ಬಿಡುವ ಪದ್ಧತಿ ಹೀಗೆ ಬೇರೂರಿತು. ಆದರೆ ಈ ಸೂಜಿಯ ಪರಿಣಾಮ ಕೆಲವು ವಾರಗಳದು ಮಾತ್ರ. ಹಾಗಾಗಿಯೇ ಬದಲಿ ಔಷಧಗಳ ಹುಡುಕಾಟ ಶುರುವಾಯಿತು.

ಅಂಥ ಒಂದು ಬದಲಿ ಹುಟ್ಟಿದ್ದು ಹಸುವಿನ ಕಣ್ಣಿನಲ್ಲಿ ಎಂದರೆ ಆಶ್ಚರ್ಯವಾಗಬಹುದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಒಂದು ವಸ್ತುವನ್ನು ಬೇರ್ಪಡಿಸಿ ಹಯಲುರಾನಿಕ್ ಆಮ್ಲ ಎಂದು ಹೆಸರಿಟ್ಟರು. ನಮ್ಮ ಕೀಲುಗಳಲ್ಲಿ ಗಾಡಿಯ ಕೀಲೆಣ್ಣೆಯಂತೆ ಕೆಲಸ ಮಾಡುವ ದ್ರವಕ್ಕೆ ಆ ಜಿಗುಟುತನ ಬರುವುದು ಇದರಿಂದಲೇ. ಮಂಡಿ ಸವೆದಾಗ ಈ ದ್ರವ ತೆಳುವಾಗುತ್ತದೆ. ಹಂಗೇರಿ ಮೂಲದ ವಿಜ್ಞಾನಿ ಎಂಡ್ರೆ ಬಲಾಶ್ ಇದನ್ನು ಹುಂಜದ ಜುಟ್ಟಿನಿಂದ ಶುದ್ಧವಾಗಿ ತೆಗೆಯುವ ವಿಧಾನ ಕಂಡುಕೊಂಡರು. ಮೊದಲು ಇದರ ಪ್ರಯೋಜನ ಪಡೆದದ್ದು ಓಟದ ಕುದುರೆಗಳ ಕೀಲುಗಳು. ಮನುಷ್ಯರ ಮಂಡಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ.

ಇನ್ನೊಂದು ದಾರಿ ತೀರಾ ಭಿನ್ನ. ಓಹಾಯೊ ರಾಜ್ಯದ ಶಸ್ತ್ರವೈದ್ಯ ಜಾರ್ಜ್ ಹ್ಯಾಕೆಟ್ 1956ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ಪ್ರೋಲೋಥೆರಪಿ’ಯನ್ನು ವಿವರಿಸಿದರು. ಸಡಿಲಗೊಂಡ ಅಸ್ಥಿಬಂಧಕ್ಕೆ ಕೆರಳಿಸುವ ದ್ರಾವಣ ಚುಚ್ಚಿದರೆ ಅಲ್ಲಿ ಉರಿಯೂತವಾಗಿ, ಗಾಯ ಮಾಯುವಂತೆ ಹೊಸ ಅಂಗಾಂಶ ಬೆಳೆದು ಬಿಗಿಯಾಗುತ್ತದೆ ಎಂಬುದು ಅವರ ವಾದ. ಈಗ ಇದಕ್ಕೆ ಹೆಚ್ಚಾಗಿ ಬಳಸುವುದು ಗ್ಲೂಕೋಸ್, ಅಂದರೆ ಸಕ್ಕರೆನೀರು. ಮೂರನೆಯದು ಪಿಆರ್‌ಪಿ. ರೋಗಿಯದೇ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮತ್ತೆ ಅವರದೇ ಮಂಡಿಗೆ ಚುಚ್ಚುವುದು. ಬೆಂಗಳೂರಿನ ಆಸ್ಪತ್ರೆಗಳಲ್ಲೂ ಇಂದು ಈ ಚಿಕಿತ್ಸೆ ಲಭ್ಯ.

ಇವೆಲ್ಲ ನಿಜಕ್ಕೂ ಫಲ ಕೊಡುತ್ತವೆಯೇ? ಪರೀಕ್ಷೆಗೆ ವೈದ್ಯರು ಹಿಡಿದ ಅಳತೆಗೋಲು ಬಲು ಸರಳ: ಸಲೈನ್ ಎಂಬ ಬರಿಯ ಉಪ್ಪುನೀರು. ಅರ್ಧ ರೋಗಿಗಳಿಗೆ ಔಷಧ, ಉಳಿದರ್ಧಕ್ಕೆ ಉಪ್ಪುನೀರು. ಯಾರಿಗೆ ಯಾವುದು ಎಂಬುದು ರೋಗಿಗೆ ತಿಳಿಯದು.

2004ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಬಹುಕಾಲದ ಸೊಂಟನೋವಿನ 110 ಮಂದಿಗೆ ಗ್ಲೂಕೋಸ್ ಅಥವಾ ಸಲೈನ್ ಚುಚ್ಚಲಾಯಿತು. ಎರಡೂ ಗುಂಪಿನವರ ನೋವು ತಗ್ಗಿತು, ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಅದೇ ದೇಶದ 288 ಮಂಡಿನೋವಿನ ರೋಗಿಗಳ ಮೇಲೆ ಪಿಆರ್‌ಪಿ ಪರೀಕ್ಷೆಯ ಫಲಿತಾಂಶ ಬಂತು. ಒಂದು ವರ್ಷದ ನಂತರವೂ ಉಪ್ಪುನೀರಿಗಿಂತ ಅದು ಮೇಲು ಎನ್ನುವಂತಿರಲಿಲ್ಲ. ಹುಂಜದ ಜುಟ್ಟಿನ ಔಷಧವನ್ನು ಎಲ್ಲರಿಗೂ ವಾಡಿಕೆಯಂತೆ ಕೊಡಬೇಕಿಲ್ಲ ಎಂದು ಅಮೆರಿಕದ ಮೂಳೆತಜ್ಞರ ಸಂಸ್ಥೆ ಅದೇ ವರ್ಷ ಹೇಳಿತು. ಹಳೆಯ ಸ್ಟೀರಾಯ್ಡ್ ಕೂಡ ಪಾರಾಗಲಿಲ್ಲ. 140 ಮಂದಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಚುಚ್ಚಿ ನೋಡಿದ 2017ರ ವರದಿಯ ಪ್ರಕಾರ, ನೋವಿನಲ್ಲಿ ಉಪ್ಪುನೀರಿಗೂ ಅದಕ್ಕೂ ಅಂತರವಿರಲಿಲ್ಲ. ಮೃದ್ವಸ್ಥಿ ಮಾತ್ರ ಸ್ಟೀರಾಯ್ಡ್ ಪಡೆದವರಲ್ಲಿ ಹೆಚ್ಚು ಸವೆದಿತ್ತು.

ಹಾಗಾದರೆ ‘ಸೂಜಿ ಹಾಕಿಸಿಕೊಂಡೆ, ನೋವು ಇಳಿಯಿತು’ ಎನ್ನುವವರು ಹೇಳುವುದು ಸುಳ್ಳೇ? ಖಂಡಿತ ಅಲ್ಲ. ಮಂಡಿನೋವು ಏರಿಳಿಯುವಂಥದ್ದು, ಏರಿದಾಗ ವೈದ್ಯರಲ್ಲಿಗೆ ಹೋಗುತ್ತೇವೆ, ಅದು ತಾನಾಗಿಯೂ ಇಳಿಯುತ್ತದೆ. ಜೊತೆಗೆ ವೈದ್ಯರ ಭರವಸೆ, ರೋಗಿಯ ನಂಬಿಕೆ ಕೂಡ ನೋವನ್ನು ತಗ್ಗಿಸುತ್ತವೆ. ಪರಿಹಾರ ನಿಜ, ಅದನ್ನು ಕೊಟ್ಟದ್ದು ದುಬಾರಿ ಔಷಧವೇ ಎಂಬುದಷ್ಟೇ ಪ್ರಶ್ನೆ.

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸವೆದದ್ದು ಸುಲಭವಾಗಿ ಮರಳಿ ಬೆಳೆಯದಿರಲು ಅದೂ ಒಂದು ಕಾರಣ. ಅದನ್ನು ಬೆಳೆಸಿಕೊಡುತ್ತೇವೆಂಬ ಮಾತು ಕೇಳಿ ಸಾವಿರಾರು ರೂಪಾಯಿ ತೆರುವ ಮುನ್ನ ‘ಇದನ್ನು ಉಪ್ಪುನೀರಿನೊಂದಿಗೆ ಹೋಲಿಸಿ ನೋಡಿದ್ದಾರೆಯೇ?’ ಎಂದು ವೈದ್ಯರನ್ನು ಕೇಳುವುದು ಒಳಿತು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಅತಿತೂಕ ಇಳಿಸುವುದು ಇವು ಸೂಜಿಯಷ್ಟು ಆಕರ್ಷಕವಲ್ಲ. ಆದರೂ ತಜ್ಞರು ಇಂದಿಗೂ ಮೊದಲು ಸೂಚಿಸುವುದು ಅವನ್ನೇ.