ಪವಾಡವೂ ಶುಶ್ರೂಷೆಯೂ

ಹರಪನಹಳ್ಳಿಯ ಸೀಮೆಯಿಂದ ಹಂಪೆಗೆ ಹೋಗಿ, ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ಮನ್ಮಥನು ಶಿವನತ್ತ ಬಾಣ ಹೂಡಿದ ಚಿತ್ರವನ್ನು ಕತ್ತೆತ್ತಿ ನೋಡಿ ಬಂದವರಿಗೆ, ಪುರಾಣವನ್ನು ಛಾವಣಿಗೇರಿಸುವ ಪದ್ಧತಿಯು ಹೊಸತೆನಿಸದು. ಐರೋಪ್ಯರಲ್ಲಿಯೂ ಇದುಂಟು. ಹದಿನೇಳನೆಯ ಶತಮಾನದ ಬರೋಕ್ ಸಂಪ್ರದಾಯದ ಚಿತ್ರಕಾರರು, ನೋಡುವವನೂ ಆ ಜನಸಂದಣಿಯಲ್ಲಿ ನಿಂತಿರುವನೋ ಎಂಬಂತೆ ಬೈಬಲಿನ ಪವಾಡಗಳನ್ನು ಬೆಳಕು ನೆರಳುಗಳ ಬಲದಿಂದ ಚಿತ್ರಿಸಿದರು. ಸ್ಪೇನಿನ ಮುರಿಲ್ಲೋ ಎಂಬವನು ಸೆವಿಲ್ ನಗರದ ಧರ್ಮಶಾಲೆಯೊಂದಕ್ಕೆ 1667–70ರಲ್ಲಿ ಬರೆದುಕೊಟ್ಟ ಪಟದಲ್ಲಿ, ಬೆಥೆಸ್ದಾ ಕೊಳದ ಬಳಿ ಬಿದ್ದಿರುವ ರೋಗಿಯತ್ತ ಕ್ರಿಸ್ತನು ಕೈ ಚಾಚಿರುವನು. 38 ವರ್ಷಗಳ ರೋಗವು ಒಂದು ಮಾತಿಗೆ ಬಿಟ್ಟುಹೋಗುವ ಗಳಿಗೆಯದು.

ಆ ಸಂಪ್ರದಾಯದ ತಡವಾದ ಕುಡಿಯೊಂದು ಮಂಗಳೂರಿನಲ್ಲಿದೆ. ಅಲ್ಲಿಯ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಇಟಲಿಯ ಬೆರ್ಗಮೋ ಸೀಮೆಯ ಅಂತೋನಿಯೋ ಮೊಸ್ಕೇನಿಯು 1899ರಿಂದ 1901ರವರೆಗೆ ದುಡಿದು ಚಿತ್ರಗಳಿಂದ ತುಂಬಿದನು. ಅವನು ಯೇಸುಸಭೆಯ ಸಹೋದರನು. ರೋಮಿನಲ್ಲಿ ಸಂತ ಇಗ್ನಾಸಿಯ ದೇವಾಲಯದ ಛಾವಣಿಯನ್ನೇ ಆಕಾಶವಾಗಿಸಿದ ಆಂದ್ರೇಯ ಪೊತ್ಸೋ ಸಹ ಎರಡು ಶತಮಾನಗಳ ಹಿಂದೆ ಅದೇ ಸಭೆಯ ಸಹೋದರನಾಗಿದ್ದನು. ಮಂಗಳೂರಿನ ಚಿತ್ರಗಳಲ್ಲಿ ಕೆಲವು ಹಸಿ ಸುಣ್ಣದ ಗಾರೆಯ ಮೇಲೆ ಬರೆದವು. ಗಾರೆಯು ಆರುವುದರೊಳಗೆ ಆ ದಿನದ ಕೆಲಸವು ಮುಗಿಯಬೇಕು, ತಿದ್ದಲು ಎಡೆಯಿಲ್ಲ. ಕೆಲವು ಕಿತ್ತಾನದ ಬಟ್ಟೆಯ ಮೇಲಿನ ತೈಲಚಿತ್ರಗಳು.

ಕ್ರಿಸ್ತನ ಜೀವಿತದ ಪ್ರಸಂಗಗಳೂ ಅಲ್ಲಿವೆ. ಆದರೆ ಮನಸ್ಸನ್ನು ಹೆಚ್ಚಾಗಿ ಹಿಡಿಯುವುದು ಪವಾಡವಲ್ಲದ ಒಂದು ಸಂಗತಿ. ಅಲೋಶಿಯಸ್ ಗೊನ್ಸಾಗನು ಪ್ರಭುವಿನ ಹಿರಿಯ ಮಗನಾಗಿದ್ದೂ ಪಟ್ಟವನ್ನು ತಮ್ಮನಿಗೆ ಬಿಟ್ಟು ಸಂನ್ಯಾಸಿಯಾದವನು. 1591ರಲ್ಲಿ ರೋಮಿನ ಸಾಂಕ್ರಾಮಿಕ ರೋಗಿಗಳ ಸೇವೆಗೆ ನಿಂತು, ಅದೇ ಜಾಡ್ಯವು ತಗುಲಿ 23ರ ಪ್ರಾಯದಲ್ಲಿ ತೀರಿಕೊಂಡನು. ಸುವಾರ್ತೆಯಲ್ಲಿ ಕ್ರಿಸ್ತನು ಕುಷ್ಠರೋಗಿಯನ್ನು ಮುಟ್ಟಿದರೆ ರೋಗವೇ ತೊಲಗುವುದು. ಈ ತರುಣನು ಮುಟ್ಟಿದಾಗ ರೋಗವು ಅವನನ್ನೇ ಹಿಡಿಯಿತು. ಪವಾಡಕ್ಕೆ ಸಲ್ಲುವ ಗಾಂಭೀರ್ಯವನ್ನೇ ಮೊಸ್ಕೇನಿಯು ಆ ಶುಶ್ರೂಷೆಗೂ ಸಲ್ಲಿಸಿದನು. ಅವನು ಕುಂಚ ಹಿಡಿದ ಕಾಲವನ್ನೂ ನೆನೆಯಬೇಕು. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತ್ತು. ಜನರು ಮನೆಗಳನ್ನು ಬಿಟ್ಟು ಬಯಲಿನ ಗುಡಿಸಲುಗಳಿಗೆ ಓಡುತ್ತಿದ್ದರು. ರೋಗಿಯ ಹತ್ತಿರ ಸುಳಿಯಲು ಬಂಧುಗಳೇ ಅಂಜುತ್ತಿದ್ದರು. ಅಂದು ಆ ಚಿತ್ರದೆದುರು ನಿಂತವರಿಗೆ ಅದು ಮುನ್ನೂರು ವರ್ಷಗಳ ಹಿಂದಿನ ಕಥೆಯಾಗಿ ತೋರಿರಲಾರದು.

ಮೊಸ್ಕೇನಿಯು 1905ರಲ್ಲಿ ಕೊಚ್ಚಿಯಲ್ಲಿ ಕಾಲವಾದನು. ಕರಾವಳಿಯ ತೇವದಿಂದ ಕೆಟ್ಟಿದ್ದ ಪಟಗಳನ್ನು 1991–94ರಲ್ಲಿ ಇಂಟ್ಯಾಕ್ ಸಂಸ್ಥೆಯವರು ಜೀರ್ಣೋದ್ಧಾರ ಮಾಡಿದರು.