ಹಿಂಗಾರಿ ಮಳೆಯ ದಾರಿ ನೋಡುತ್ತ

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿದ ಈ ಸುಸಂದರ್ಭದಲ್ಲಿ ಭಕ್ತಾದಿಗಳಲ್ಲಿ ಕೆಲವರು ನಮ್ಮೆದುರು ಒಂದು ಪ್ರಶ್ನೆಯನ್ನಿಟ್ಟಿದ್ದಾರೆ: "ಸ್ವಾಮಿ, ನೂರು ವರುಷ ಕಳೆದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ಸೀಮೆಯಲ್ಲಿ ನಾವು ಬೆರಳೆಣಿಕೆಯ ಮನೆಗಳೇ ಅಲ್ಲವೆ?" ಪ್ರಶ್ನೆ ನ್ಯಾಯವಾದುದೇ. ಗುರುಮಠದಿಂದ ಹೊರಬಂದ ಹೊಸತರಲ್ಲಿ ನಾವೂ ಪ್ರತಿ ಪಾಸ್ಕ ಹಬ್ಬದ ಮರುದಿನ ಸ್ನಾನದೀಕ್ಷೆಯ ದಾಖಲೆ ಪುಸ್ತಕವನ್ನು ತೆರೆದು ತಲೆ ಎಣಿಸಿದವರೇ. ಎಣಿಸಿ ನಿಟ್ಟುಸಿರಿಟ್ಟವರೇ.

ಸಂತ ಯಕೋಬರು ತಮ್ಮ ಪತ್ರದ 5ನೆಯ ಅಧ್ಯಾಯದಲ್ಲಿ ತಾಳ್ಮೆಗೆ ನಿದರ್ಶನವಾಗಿ ತೋರಿಸುವುದು ಋಷಿಯನ್ನಲ್ಲ, ಒಕ್ಕಲಿಗನನ್ನು. ಮುಂಗಾರು ಹಿಂಗಾರುಗಳೆರಡನ್ನೂ ಕಾಯುವ ಬೇಸಾಯಗಾರನನ್ನು. ಪಟ್ಟಣದ ಬೋಧಕರು ಈ ಮಾತನ್ನು ಬಹಳ ವಿವರಿಸಬೇಕಾಗುತ್ತದೆ. ನಮ್ಮ ಎರೆಸೀಮೆಯಲ್ಲಿ ಆ ಶ್ರಮವಿಲ್ಲ. ಬಿಳಿಜೋಳದ ಕೂರಿಗೆಯನ್ನು ಹದ ಬರುವ ಮುನ್ನ ಹೊಲಕ್ಕಿಳಿಸಿದವನ ಗತಿ ಏನೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಬಿತ್ತಿದ ಮೇಲೆ ಪೈರು ನೆಲದೊಳಗಿನ ತೇವದಿಂದಲೇ ಬದುಕಬೇಕು, ಆ ತೇವ ಕಣ್ಣಿಗೆ ಕಾಣುವುದಿಲ್ಲ. ಹಾಗೆಂದು ಕಾದವರಿಗೆಲ್ಲ ಮಳೆ ಬಂದಿತೆಂದು ನಾವು ಹೇಳಲಾರೆವು. 1876-78ರ ಮಹಾಕ್ಷಾಮದಲ್ಲಿ ಈ ಭಾಗದ ಜನ ಮುಗಿಲು ನೋಡುತ್ತಲೇ ಸತ್ತರು. ತಾಳ್ಮೆಯ ಕುರಿತು ಬರೆಯುವವನು ಅವರನ್ನು ಮರೆತು ಬರೆಯಬಾರದು.

ದೇವರ ಕಾಲವನ್ನು ತನ್ನ ಆಯುಷ್ಯದಿಂದ ಅಳೆಯಹೋದ ಒಬ್ಬ ಗುರುವರ್ಯರ ಕಥೆ ಕನ್ನಡ ನಾಡಿನ ದಕ್ಷಿಣದಲ್ಲಿಯೇ ನಡೆದಿದೆ. ಫ್ರಾನ್ಸ್ ದೇಶದ ಅಬ್ಬೆ ದುಬಾಯ್ ಅವರು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯ ಚದುರಿದ ಕ್ರೈಸ್ತರ ಆರೈಕೆ ಅವರ ಪಾಲಿಗೆ ಬಂತು. ಈ ನೆಲದ ಉಡುಗೆ ಉಟ್ಟು, ಈ ನೆಲದ ಊಟ ಉಂಡು, ಊರಿಂದೂರಿಗೆ ಅಲೆದರು. ಜನರು ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಕಟ್ಟಿದರು. ಸಿಡುಬಿನ ವಿರುದ್ಧ ಸಾವಿರಾರು ಮಂದಿಗೆ ದೇವಿ ಹಾಕಿಸಿದರು. ಇಷ್ಟೆಲ್ಲ ಮಾಡಿಯೂ ಮೂವತ್ತು ವರುಷಗಳ ಕೊನೆಗೆ ಲೆಕ್ಕ ಹಾಕಿ ನೋಡಿದಾಗ ಅವರ ಎದೆ ಒಡೆಯಿತು. ತಾವು ಸ್ನಾನದೀಕ್ಷೆ ಕೊಟ್ಟವರು ಕೆಲವು ನೂರು ಜನ ಮಾತ್ರ, ಅವರ ವಿಶ್ವಾಸವೂ ಗಟ್ಟಿಯಲ್ಲವೆಂದು ಅವರಿಗನ್ನಿಸಿತು. ಈ ದೇಶದಲ್ಲಿ ಸುವಾರ್ತೆಯ ಕಾಲ ಮುಗಿದುಹೋಯಿತೆಂದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಸಾರಿ, ಅದೇ ವರುಷ ತಾಯ್ನಾಡಿಗೆ ಮರಳಿದರು.

ಅವರನ್ನು ಹಳಿಯುವುದಕ್ಕೆ ನಮಗೆ ಮನಸ್ಸಿಲ್ಲ. ಅಷ್ಟು ದುಡಿದವನಿಗೆ ಅಷ್ಟು ದುಃಖಿಸುವ ಹಕ್ಕುಂಟು. ಆದರೆ ಅವರು 1848ರಲ್ಲಿ ಪ್ಯಾರಿಸ್ಸಿನಲ್ಲಿ ಮೃತರಾದ ಎರಡೇ ವರುಷಕ್ಕೆ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. ಸತ್ತಿಹಳ್ಳಿಯಲ್ಲಿ ಇಂದಿಗೂ ಬಲಿಪೂಜೆಯ ಗಂಟೆ ಬಾರಿಸುತ್ತದೆ. ತಾವು ಬಿತ್ತಿದ್ದು ಮೊಳೆಯಲಾರದೆಂದು ನಂಬಿ ಹೋದರು. ಬೀಜವು ಮಾತ್ರ ಅವರ ನಂಬಿಕೆಯನ್ನು ಕೇಳಿ ಮೊಳೆಯಲಿಲ್ಲ.

ಅವರು ಹಡಗು ಹತ್ತಿದ ಮರುವರುಷವೇ ನಮ್ಮ ಕಿತ್ತೂರಿನಲ್ಲಿ ಕಾಳಗವಾಯಿತು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಬಿದ್ದನು. ಡಿಸೆಂಬರಿನಲ್ಲಿ ಕೋಟೆಯೇ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ದಿನ ದೂಡಿ 1829ರಲ್ಲಿ ಕಣ್ಣು ಮುಚ್ಚಿದಳು. ಸಂತೆಗೆಂದು ಬೈಲಹೊಂಗಲಕ್ಕೆ ಹೋದಾಗಲೆಲ್ಲ ಆಕೆಯ ಸಮಾಧಿ ನಮ್ಮನ್ನು ನಿಲ್ಲಿಸಿಕೊಳ್ಳುತ್ತದೆ. ಆಕೆ ಬಯಸಿದ ಸ್ವಾತಂತ್ರ್ಯ ಬಂದದ್ದು 118 ವರುಷಗಳ ಮೇಲೆ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ, ವಾಗ್ದಾನದ ಫಲವನ್ನು ದೂರದಿಂದ ಕಂಡು ಕೈಗೆ ಸಿಗದೆಯೇ ಸತ್ತ ಪೂರ್ವಿಕರ ಪಟ್ಟಿಯಿದೆ. ಚೆನ್ನಮ್ಮನನ್ನು ಆ ಪಟ್ಟಿಗೆ ಸೇರಿಸುವ ಧಾರ್ಷ್ಟ್ಯ ನಮಗಿಲ್ಲ. ಆದರೂ ಆ ಅಧ್ಯಾಯವನ್ನು ಓದುವಾಗ ಆಕೆಯ ನೆನಪು ತಾನಾಗಿ ಬರುತ್ತದೆ.

ನಮ್ಮ ಧರ್ಮಸಭೆಯ ಚರಿತ್ರೆಯೂ ಇಂಥದೇ. ಘಟ್ಟದ ಕೆಳಗಿನ ಗೋವೆಯಲ್ಲಿ 1534ರಲ್ಲಿಯೇ ಧರ್ಮಕ್ಷೇತ್ರ ಸ್ಥಾಪಿತವಾಯಿತು. ಘಟ್ಟದ ಮೇಲಿನ ಬೆಳಗಾವಿಗೆ ತನ್ನದೇ ಧರ್ಮಾಧ್ಯಕ್ಷರು ದೊರೆತದ್ದು 1953ರ ಸೆಪ್ಟೆಂಬರ್ 19ರಂದು ಧರ್ಮಕ್ಷೇತ್ರ ರಚಿತವಾದಾಗ; ಪೂಜ್ಯ ಮೈಕೆಲ್ ರೊಡ್ರಿಗಸ್ ಅವರು ಪ್ರಥಮರು. ನಡುವೆ ಕಳೆದದ್ದು ನಾನೂರಕ್ಕೂ ಮಿಕ್ಕಿದ ವರುಷಗಳು! ನೂರಕ್ಕೇ ಬೇಸತ್ತವರು ಈ ಲೆಕ್ಕವನ್ನೂ ಒಮ್ಮೆ ನೋಡಬಹುದು.

ರಾಮದುರ್ಗದ ಕಡೆ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ರಾಮನ ಬರವಿಗಾಗಿ ಮುದುಕಿ ಶಬರಿ ಕಾದದ್ದು ಅಲ್ಲಿಯೇ ಎಂದು ನೆರೆಯ ಬಂಧುಗಳು ಭಕ್ತಿಯಿಂದ ಹೇಳುತ್ತಾರೆ. ಅವರ ಬಾಯಿಂದ ಅದನ್ನು ಕೇಳುವಾಗ ನಮಗೆ ಜೆರುಸಲೇಮಿನ ದೇವಾಲಯದ ಆ ಇಬ್ಬರು ವೃದ್ಧರು, ಸಿಮೆಯೋನ ಮತ್ತು ಅನ್ನಮ್ಮ, ಕಣ್ಣ ಮುಂದೆ ಬರುತ್ತಾರೆ. ಅನ್ನಮ್ಮನಿಗೆ ಸಂತ ಲೂಕರು 84ರ ಲೆಕ್ಕ ಕೊಡುತ್ತಾರೆ. ಸಿಮೆಯೋನನು ಎಷ್ಟು ವರುಷ ಕಾದನೆಂದು ತಿಳಿಸುವುದೇ ಇಲ್ಲ. ಕೊನೆಗೆ ಅವರಿಗೆ ಕಾಣಿಸಿದ್ದು ಬಡವರ ಕಾಣಿಕೆಯೊಂದಿಗೆ ಬಂದ ಒಂದು ಹಸುಗೂಸು. ಅದು ಬೆಳೆದು ನಡೆಸಿದ ಒಂದು ಅದ್ಭುತವನ್ನಾದರೂ ಅವರು ಕಂಡರೆಂದು ಬರೆದಿಲ್ಲ. ಕೂಸು ತೋಳಿಗೆ ಬಂದಷ್ಟಕ್ಕೇ ಮುದುಕನು ಇನ್ನು ಹೊರಡುತ್ತೇನೆಂದು ದೇವರನ್ನು ಕೊಂಡಾಡಿದನು.