ಸಾರಥಿಯೋ, ರಥವೋ?

ಮೋಟಾರು ಪಂದ್ಯಗಳ ಮಾತು ಬಂದಾಗಲೆಲ್ಲ ಹಳೆಯ ಪ್ರಶ್ನೆಯೊಂದು ತಲೆಯೆತ್ತುತ್ತದೆ. ಗೆದ್ದದ್ದು ಯಾರು? ಚಕ್ರ ಹಿಡಿದ ಚಾಲಕನೋ, ಅವನನ್ನು ಹೊತ್ತು ಓಡಿದ ಕಾರೋ? ಸೋತವನು ಕಾರನ್ನು ದೂರಿದರೆ, ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನೆನೆದು ನಾವು ನಗುತ್ತೇವೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದೂ ಉಂಟು. ನಮ್ಮ ಭಾರತದ ಕಥೆಯೇ ಈ ವಿಷಯದಲ್ಲಿ ಎರಡು ಮಾತು ಹೇಳುತ್ತದೆ. ಉತ್ತರಕುಮಾರ ಹೆದರಿ ಇಳಿದೋಡಿದ ಅದೇ ರಥದಲ್ಲಿ ನಿಂತು ಬೃಹನ್ನಳೆ ಕೌರವಸೇನೆಯನ್ನು ಹಿಮ್ಮೆಟ್ಟಿಸಿದಳು. ಅಲ್ಲಿ ಆಳೇ ದೊಡ್ಡವನು. ಕರ್ಣನಂಥ ವೀರನ ರಥದ ಗಾಲಿ ನೆಲದಲ್ಲಿ ಹೂತಾಗಲಾದರೋ ಅವನ ಬಿಲ್ವಿದ್ಯೆಯೆಲ್ಲ ನಿಷ್ಫಲವಾಯಿತು. ಅಲ್ಲಿ ಗಾಲಿಯೇ ದೊಡ್ಡದು.

ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಯೂರೋಪಿನಲ್ಲಿ ೧೯೩೫ನೆಯ ಇಸವಿ ಜುಲೈ ೨೮ರಂದು ನಡೆದ ಜರ್ಮನ್ ಗ್ರಾನ್ ಪ್ರಿ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಚಾಲಕನೇ ಹೆಚ್ಚೆನ್ನುವವರೆಲ್ಲರೂ ಮೊದಲು ಹೇಳುವುದು ಇದನ್ನೇ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ೧೯೩೪ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಪಂದ್ಯದ ಕಾರು, ಚಾಲಕ, ಪೆಟ್ರೋಲು, ಟೈರು ಮುಂತಾದುವನ್ನು ಬಿಟ್ಟು, ೭೫೦ ಕಿಲೋಗ್ರಾಂ ತೂಕವನ್ನು ಮೀರಕೂಡದು. ತೂಕವನ್ನು ಕಟ್ಟಿದರೆ ವೇಗವೂ ತಾನಾಗಿಯೇ ಕಟ್ಟಿಹೋದೀತೆಂದು ನಿಯಮ ಮಾಡಿದವರ ಎಣಿಕೆ. ಆದರೆ ಎಂಜಿನ್ನು ಎಷ್ಟು ದೊಡ್ಡದಿರಬಹುದೆಂದು ಅವರು ಹೇಳಲಿಲ್ಲ. ಜರ್ಮನಿಯ ಎಂಜಿನಿಯರುಗಳು ಹಗುರ ಲೋಹಗಳನ್ನು ಬಳಸಿ ಮೈಯನ್ನು ಇಳಿಸಿ, ಉಳಿದ ತೂಕಕ್ಕೆಲ್ಲ ಭಾರಿ ಎಂಜಿನ್ನುಗಳನ್ನು ಕೂರಿಸಿದರು. ೧೯೩೩ರಲ್ಲಿ ಅಧಿಕಾರಕ್ಕೆ ಬಂದ ಹಿಟ್ಲರನ ಸರ್ಕಾರ ಮರ್ಸಿಡಿಸ್ ಬೆನ್ಸ್ ಮತ್ತು ಆಟೋ ಯೂನಿಯನ್ ಎಂಬ ಎರಡು ಸಂಸ್ಥೆಗಳಿಗೂ ಬೊಕ್ಕಸದಿಂದ ಹಣ ಕೊಟ್ಟಿತು. ಈ ಕಾರುಗಳ ಗೆಲುವು ತನ್ನ ಆಳ್ವಿಕೆಯ ಗೆಲುವೆಂದು ಲೋಕಕ್ಕೆ ಸಾರುವುದು ಅದರ ಉದ್ದೇಶ. ಇಟಲಿಯಲ್ಲಿ ಮುಸೊಲಿನಿಯ ಸರ್ಕಾರವೂ ಇಂಥ ಗೆಲುವುಗಳನ್ನು ತನ್ನ ಹಿರಿಮೆಯೆಂದೇ ಹೇಳಿಕೊಳ್ಳುತ್ತಿತ್ತು. ಹೀಗಾಗಿ ಆ ವರ್ಷಗಳಲ್ಲಿ ಗೆದ್ದದ್ದು ಮನುಷ್ಯನೋ ಯಂತ್ರವೋ ಎಂಬುದು ಬರಿಯ ಹರಟೆಯ ವಿಷಯವಾಗಿರಲಿಲ್ಲ. ಅದರ ಹಿಂದೆ ಬಾವುಟಗಳಿದ್ದುವು.

ಪಂದ್ಯ ನಡೆದದ್ದು ಐಫೆಲ್ ಬೆಟ್ಟಗಳ ನಡುವೆ ೧೯೨೭ರಲ್ಲಿ ತೆರೆದ ನ್ಯೂರ್ಬರ್ಗ್‌ರಿಂಗ್ ಎಂಬ ಹಾದಿಯಲ್ಲಿ. ಒಂದು ಸುತ್ತಿಗೆ ಸುಮಾರು ೨೨.೮ ಕಿಲೋಮೀಟರು; ಕಾಡಿನೊಳಗೆ ಏರುತ್ತ ಇಳಿಯುತ್ತ ನೂರೈವತ್ತಕ್ಕೂ ಹೆಚ್ಚು ತಿರುವುಗಳು. ಅಂಥ ೨೨ ಸುತ್ತು ಓಡಬೇಕು. ಐದು ಮರ್ಸಿಡಿಸ್, ನಾಲ್ಕು ಆಟೋ ಯೂನಿಯನ್, ಒಟ್ಟು ಒಂಬತ್ತು ಜರ್ಮನ್ ಕಾರುಗಳು ಕಣದಲ್ಲಿದ್ದುವು. ಅವುಗಳಿಗೆ ಎದುರಾಗಿ ಎಂಜೊ ಫೆರಾರಿಯ ತಂಡದಿಂದ ಬಂದಿದ್ದವನು ತಾತ್ಸಿಯೊ ನುವೊಲಾರಿ. ಇಟಲಿಯ ಮಾಂತುವಾ ಸೀಮೆಯವನು. ಆಗ ಅವನಿಗೆ ೪೨ ವಯಸ್ಸು. ಕುಳ್ಳು, ಸಣಕಲು ದೇಹ. ಅವನ ಆಲ್ಫಾ ರೋಮಿಯೊ ೧೯೩೨ರಲ್ಲಿ ಮೊದಲು ಓಡಿದ ಮಾದರಿ. ಜರ್ಮನ್ ಕಾರುಗಳಿಗಿಂತ ಅದರ ಬಲ ಸುಮಾರು ನೂರು ಅಶ್ವಶಕ್ತಿಯಷ್ಟು ಕಡಿಮೆಯಿತ್ತೆಂದು ಅಂದಾಜು.

ಅಂದು ಬೆಳಗ್ಗೆ ಮಳೆ ಬಿದ್ದು ಹಾದಿ ಒದ್ದೆಯಾಗಿತ್ತು. ನುವೊಲಾರಿ ಹತ್ತನೆಯ ಸುತ್ತಿನ ಹೊತ್ತಿಗೆ ಎಲ್ಲರನ್ನೂ ದಾಟಿ ಮುಂದೆ ಬಂದಿದ್ದ. ಅರ್ಧ ದಾರಿ ಕಳೆಯುತ್ತಿದ್ದಂತೆ ಪೆಟ್ರೋಲು ತುಂಬಿಸಿ ಟೈರು ಬದಲಿಸುವುದಕ್ಕಾಗಿ ಕಾರುಗಳು ನಿಂತುವು. ಮರ್ಸಿಡಿಸ್ ತಂಡದವರು ಮಾನ್‌ಫ್ರೆಡ್ ಫಾನ್ ಬ್ರೌಖಿಚ್ ಎಂಬ ಚಾಲಕನ ಕಾರನ್ನು ೪೭ ಸೆಕೆಂಡಿನಲ್ಲಿ ಸಿದ್ಧಗೊಳಿಸಿ ಕಳಿಸಿದರು. ನುವೊಲಾರಿಯ ಸರದಿ ಬಂದಾಗ ಪೆಟ್ರೋಲು ತುಂಬುವ ಪಂಪು ಕೆಟ್ಟಿತು. ಡಬ್ಬಗಳಿಂದ ಸುರಿದು ತುಂಬಿಸಬೇಕಾಯಿತು. ಎರಡು ನಿಮಿಷ ೧೪ ಸೆಕೆಂಡು ಹೋಯಿತು. ಮೊದಲನೆಯವನಾಗಿ ಬಂದು ನಿಂತವನು ಆರನೆಯವನಾಗಿ ಹೊರಟ. ಆಮೇಲೆ ಒಬ್ಬೊಬ್ಬರನ್ನಾಗಿ ನಾಲ್ವರನ್ನು ಹಿಂದೆ ಹಾಕಿದ. ಕೊನೆಯ ಸುತ್ತು ಆರಂಭವಾದಾಗ ಮುಂದಿದ್ದವನು ಬ್ರೌಖಿಚ್ ಒಬ್ಬನೇ. ಇಬ್ಬರ ನಡುವಣ ಅಂತರ ಅರ್ಧ ನಿಮಿಷದಷ್ಟು. ಆ ಸುತ್ತಿನಲ್ಲಿ ಬ್ರೌಖಿಚ್‌ನ ಹಿಂದಿನ ಟೈರು ಸವೆದು ಸಿಡಿಯಿತು. ಮುರುಕು ಗಾಲಿಯ ಮೇಲೆಯೇ ಕಾರನ್ನು ಎಳೆದುಕೊಂಡು ಬಂದು ಅವನು ಐದನೆಯವನಾದ. ನುವೊಲಾರಿ ಗೆದ್ದ. ಅವನ ಹಿಂದೆ ಎರಡರಿಂದ ಐದರವರೆಗೆ ಬಂದವೆಲ್ಲ ಜರ್ಮನ್ ಕಾರುಗಳೇ. ನೆರೆದಿದ್ದ ಲಕ್ಷಾಂತರ ಜನ ಕ್ಷಣಕಾಲ ಸ್ತಬ್ಧರಾದರಂತೆ. ಬಾರಿಸುವುದಕ್ಕೆ ಇಟಲಿಯ ರಾಷ್ಟ್ರಗೀತೆಯ ಗ್ರಾಮಫೋನು ಪ್ಲೇಟೇ ಸಿದ್ಧವಿರಲಿಲ್ಲವೆಂಬ ಕಥೆಯೂ ಬಾಯಿಂದ ಬಾಯಿಗೆ ಬಂದಿದೆ.

ಇಷ್ಟನ್ನು ಕೇಳಿದವರು ಚಾಲಕನೇ ಹೆಚ್ಚೆಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಒಂದು ದಿನದ ಕಥೆಯಿಂದ ವರ್ಷದ ಲೆಕ್ಕ ಮುಗಿಯುವುದಿಲ್ಲ. ಅದೇ ೧೯೩೫ರಲ್ಲಿ ಮೊನಾಕೊ, ಫ್ರಾನ್ಸ್, ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಸ್ಪೇನ್ ಪಂದ್ಯಗಳನ್ನು ಮರ್ಸಿಡಿಸ್ ಗೆದ್ದಿತು. ಇಟಲಿಯ ಪಂದ್ಯವನ್ನು ಅವನ ಸ್ವಂತ ನೆಲದಲ್ಲಿಯೇ ಆಟೋ ಯೂನಿಯನ್ ಕೊಂಡೊಯ್ದಿತು. ನುವೊಲಾರಿಯ ಕೈಚಳಕ ಆ ದಿನಗಳಲ್ಲೇನೂ ಕುಂದಿರಲಿಲ್ಲ. ಕಾರು ಸಾಲದೆ ಹೋಯಿತು. ನ್ಯೂರ್ಬರ್ಗ್‌ರಿಂಗಿನಲ್ಲಿಯೂ ಅವನ ತಂಡದ ಇನ್ನೆರಡು ಆಲ್ಫಾ ಕಾರುಗಳು ಕೆಟ್ಟು ನಿಂತು ಪಂದ್ಯವನ್ನು ಮುಗಿಸಲಿಲ್ಲವೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ ನುವೊಲಾರಿಯ ಸ್ವಂತ ನಡತೆಯೇ ಒಂದು ಸಾಕ್ಷಿ. ೧೯೩೮ರ ಜನವರಿಯಲ್ಲಿ ಬರ್ನ್ಟ್ ರೋಸೆಮೆಯರ್ ಎಂಬ ತರುಣ ಚಾಲಕ ವೇಗದ ದಾಖಲೆಗಾಗಿ ಓಡಿಸುವಾಗ ಸತ್ತನು. ಅದೇ ವರ್ಷ ಅವನ ಆಟೋ ಯೂನಿಯನ್ ತಂಡವನ್ನು ನುವೊಲಾರಿ ಸೇರಿದ. ಇಟಲಿಯ ಪಂದ್ಯವನ್ನೂ ಇಂಗ್ಲೆಂಡಿನ ಡಾನಿಂಗ್ಟನ್ ಪಂದ್ಯವನ್ನೂ ಆ ಜರ್ಮನ್ ಕಾರಿನಲ್ಲಿಯೇ ಗೆದ್ದ. ಕಾರಿಗಿಂತ ಆಳು ಹೆಚ್ಚೆಂದು ಲೋಕಕ್ಕೆ ತೋರಿಸಿದವನೇ ಕೊನೆಗೆ ಒಳ್ಳೆಯ ಕಾರನ್ನು ಅರಸಿ ಹೋದ.

ಹಾಗಾದರೆ ಆ ಒಂದು ದಿನ ಹೇಗೆ ಸಾಧ್ಯವಾಯಿತು? ಉತ್ತರ ಹಾದಿಯಲ್ಲಿದೆ. ನೇರ ದಾರಿಯಲ್ಲಿ ಬಲವೇ ಬಲ. ನೂರು ಅಶ್ವಶಕ್ತಿಯ ಕೊರತೆಯನ್ನು ಅಲ್ಲಿ ಯಾವ ಜಾಣನೂ ತುಂಬಲಾರ. ತಿರುವಿನ ಮೇಲೆ ತಿರುವು ಬರುವಲ್ಲಿ, ಅದರಲ್ಲಿಯೂ ನೆಲ ತೇವವಾಗಿದ್ದಾಗ, ಬಲವನ್ನೆಲ್ಲ ನೆಲಕ್ಕೆ ಇಳಿಸುವುದೇ ಆಗದು. ಯಾವಾಗ ತಡೆಯಬೇಕು, ಎಷ್ಟು ಜಾರಬಿಡಬೇಕು ಎಂಬ ಕೈಯ ತಿಳಿವಳಿಕೆ ಅಲ್ಲಿ ಬೆಲೆಬಾಳುತ್ತದೆ. ಬ್ರೌಖಿಚ್‌ನ ಟೈರಿನ ವಿಷಯವೂ ಹಾಗೆಯೇ. ಹೆಚ್ಚು ಬಲದ ಕಾರು ಟೈರನ್ನು ಬೇಗ ತಿನ್ನುತ್ತದೆ. ನಿಧಾನವಾಗಿ ಓಡಿಸಿ ಉಳಿಸಿಕೊಳ್ಳೋಣವೆಂದರೆ ಹಿಂದಿನಿಂದ ನುವೊಲಾರಿ ಬರುತ್ತಿದ್ದಾನೆ. ನಿಂತು ಬದಲಿಸೋಣವೆಂದರೆ ಕೈಯಲ್ಲಿರುವುದು ಅರ್ಧ ನಿಮಿಷ. ಆ ಟೈರು ಸಿಡಿದದ್ದು ಅದೃಷ್ಟವೆನ್ನುವವರು ಅದನ್ನು ಸವೆಯಿಸಿದ ಒತ್ತಡ ಯಾರದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾದಿಯ ಈ ಮಹಿಮೆ ೧೯೬೧ರಲ್ಲಿ ಮತ್ತೆ ಕಂಡುಬಂತು. ಆ ವರ್ಷ ಫೆರಾರಿ ಕಾರುಗಳಿಗೆ ಸಮಾನವಾದ ಎಂಜಿನ್ನು ಯಾರಲ್ಲಿಯೂ ಇರಲಿಲ್ಲ. ವಿಶ್ವ ಚಾಂಪಿಯನ್ ಪದವಿಯ ಎಂಟು ಪಂದ್ಯಗಳಲ್ಲಿ ಐದನ್ನು ಫೆರಾರಿಯೇ ಗೆದ್ದಿತು. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಖಾಸಗಿ ತಂಡವೊಂದರ ಲೋಟಸ್ ಕಾರಿನಲ್ಲಿ ಎರಡನ್ನು ಗೆದ್ದ. ಯಾವ ಎರಡು? ಒಂದು ಮೊನಾಕೊ ನಗರದ ಇಕ್ಕಟ್ಟಾದ ಬೀದಿಗಳಲ್ಲಿ. ಇನ್ನೊಂದು ಇದೇ ನ್ಯೂರ್ಬರ್ಗ್‌ರಿಂಗಿನಲ್ಲಿ, ಮಳೆಯ ದಿನ.

ಚಾಲಕನ ಕುಶಲತೆ ಕೈಯಲ್ಲಿ ಮಾತ್ರವಿಲ್ಲ, ತಲೆಯಲ್ಲಿಯೂ ಇದೆ ಎಂಬುದಕ್ಕೆ ಅರ್ಜೆಂಟೀನದ ಹ್ವಾನ್ ಮಾನ್ವೆಲ್ ಫಾಂಜಿಯೊ ಸಾಕ್ಷಿ. ೧೯೫೭ರ ಆಗಸ್ಟ್ ೪ರಂದು ಇದೇ ಹಾದಿಯಲ್ಲಿ ಅವನು ಮಸೆರಾಟಿ ಕಾರನ್ನು ಓಡಿಸಿದ. ಆಗ ವಯಸ್ಸು ೪೬. ಅರ್ಧ ಟ್ಯಾಂಕಿನಷ್ಟೇ ಪೆಟ್ರೋಲು ತುಂಬಿಸಿ ಹಗುರವಾದ ಕಾರಿನಲ್ಲಿ ಹೊರಟು, ನಡುವೆ ನಿಂತು ಮತ್ತೆ ತುಂಬಿಸುವುದು ಅವನ ಉಪಾಯ. ನಿಲುಗಡೆಯಲ್ಲಿ ಹೆಚ್ಚು ಕಾಲ ಹಿಡಿದು, ಫೆರಾರಿಯ ಇಬ್ಬರು ಇಂಗ್ಲಿಷ್ ಚಾಲಕರಿಗಿಂತ ಸುಮಾರು ೪೮ ಸೆಕೆಂಡು ಹಿಂದೆ ಬಿದ್ದ. ಆಮೇಲೆ ಸುತ್ತಿನಿಂದ ಸುತ್ತಿಗೆ ದಾಖಲೆಯನ್ನು ಮುರಿಯುತ್ತ ಬಂದು, ೯ ನಿಮಿಷ ೧೭.೪ ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿ, ಕಡೆಗೆ ೩.೬ ಸೆಕೆಂಡಿನ ಅಂತರದಿಂದ ಗೆದ್ದ. ಆ ವರ್ಷ ಬಂದದ್ದು ಅವನ ಐದನೆಯ ವಿಶ್ವ ಪದವಿ. ಆಲ್ಫಾ ರೋಮಿಯೊ, ಮರ್ಸಿಡಿಸ್, ಫೆರಾರಿ, ಮಸೆರಾಟಿ ಎಂಬ ನಾಲ್ಕು ಸಂಸ್ಥೆಗಳ ಕಾರುಗಳಲ್ಲಿ ಅವನು ಆ ಪದವಿಗಳನ್ನು ಪಡೆದನು. ಕಾರು ಬದಲಾದರೂ ಗೆಲುವು ಬದಲಾಗದಿದ್ದುದು ಅವನ ಹೆಚ್ಚಳ. ಯಾವ ವರ್ಷ ಯಾವ ಕಾರು ಒಳ್ಳೆಯದೆಂದು ಅರಿತು ಅದನ್ನು ಹಿಡಿದದ್ದೂ ಅವನ ಹೆಚ್ಚಳವೇ.

ಇತ್ತೀಚೆಗೆ ವಿದ್ವಾಂಸರು ಈ ಪ್ರಶ್ನೆಯನ್ನು ಗಣಿತಕ್ಕೆ ಒಪ್ಪಿಸಿದ್ದಾರೆ. ಇಂಗ್ಲೆಂಡಿನ ಷೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ೧೯೫೦ರಿಂದ ೨೦೧೪ರವರೆಗಿನ ಪಂದ್ಯಗಳನ್ನೆಲ್ಲ ತೂಗಿ ೨೦೧೬ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಫಲವನ್ನು ನಿರ್ಧರಿಸುವುದರಲ್ಲಿ ಚಾಲಕನಿಗಿಂತ ತಂಡದ ಪಾಲು, ಎಂದರೆ ಕಾರಿನದೂ ಅದನ್ನು ಕಟ್ಟಿ ಕಾಯುವವರದೂ ಸೇರಿದ ಪಾಲು, ಬಹಳ ಹೆಚ್ಚು. ಕಾಲ ಕಳೆದಂತೆ ಆ ಪಾಲು ಬೆಳೆದಂತೆಯೂ ತೋರುತ್ತದೆ. ನಗರದ ಬೀದಿಗಳ ಪಂದ್ಯಗಳಲ್ಲಿ ಮಾತ್ರ ಅದು ಕಡಿಮೆ. ತಂಡದ ಪಾಲನ್ನು ಕಳೆದು ನೋಡಿದಾಗ ಚಾಲಕರಲ್ಲಿ ಮೊದಲಿಗನಾಗಿ ನಿಂತವನು ಫಾಂಜಿಯೊ.

ಹೀಗೆಂದು ಚಾಲಕನನ್ನು ಕಡೆಗಣಿಸುವಂತಿಲ್ಲ. ೨೦೨೩ರಲ್ಲಿ ರೆಡ್ ಬುಲ್ ತಂಡದ ಕಾರು ೨೨ ಪಂದ್ಯಗಳಲ್ಲಿ ೨೧ನ್ನು ಗೆದ್ದಿತು. ಕಾರು ಅಷ್ಟು ಮೇಲಾಗಿತ್ತು. ಆದರೆ ಅಂಥ ಕಾರು ಕೈಯಲ್ಲಿದ್ದ ಇಬ್ಬರಲ್ಲಿ ಮಾಕ್ಸ್ ವೆರ್ಸ್ಟಾಪನ್ ಗೆದ್ದದ್ದು ೧೯, ಸರ್ಜಿಯೊ ಪೆರೆಸ್ ಗೆದ್ದದ್ದು ೨. ೨೧ ಎಂಬ ಅಂಕಿಯಲ್ಲಿ ಕಾರಿನ ಬೆಲೆ ಕಾಣುತ್ತದೆ. ೧೯ಕ್ಕೂ ೨ಕ್ಕೂ ಇರುವ ಅಂತರದಲ್ಲಿ ಸಾರಥಿಯ ಬೆಲೆ ಕಾಣುತ್ತದೆ.

ಕಾರು ಬಾಗಿಲನ್ನು ತೆರೆಯುತ್ತದೆ. ಒಳಕ್ಕೆ ಹೋಗಬೇಕಾದವನು ಚಾಲಕ. ಬಾಗಿಲೇ ಮುಚ್ಚಿದ್ದರೆ ಎಂಥ ಶೂರನೂ ಹೊರಗೇ ನಿಲ್ಲಬೇಕು. ಮಳೆ, ತಿರುವು, ಎದುರಾಳಿಯ ತಪ್ಪು ಇವೆಲ್ಲ ಕೂಡಿ ಎಲ್ಲೋ ಒಮ್ಮೆ ಅದನ್ನು ಸಂದಿನಷ್ಟು ತೆರೆದಾಗ ನುಗ್ಗುವುದಕ್ಕೆ ನುವೊಲಾರಿಯಂಥವನೇ ಬೇಕು. ಪತ್ರಿಕೆಯಲ್ಲಿ ಪಂದ್ಯದ ಸುದ್ದಿಯನ್ನು ಓದುವಾಗ ಗೆದ್ದವನ ಹೆಸರನ್ನಷ್ಟೇ ನೋಡಿ ಬಿಡಬೇಡಿ. ಅದೇ ಕಾರನ್ನು ಓಡಿಸಿದ ಅವನ ಜೊತೆಗಾರ ಎಷ್ಟನೆಯವನಾದನೆಂದು ಕೆಳಗೆ ಹುಡುಕಿ. ಸಾರಥಿಯ ನಿಜವಾದ ಅಳತೆ ಬಹುಮಟ್ಟಿಗೆ ಅಲ್ಲಿ ಸಿಕ್ಕುತ್ತದೆ.